ದೂತಾವಾಸದ ಚಹಾ ಕುಡಿದ ದರ್ಜಿ

ಎದುರಿಗಿದ್ದವರ ತುಟಿಗಳನ್ನೇ ದಿಟ್ಟಿಸುತ್ತ ಅವರು ಮಾತು ಕೇಳಿಸಿಕೊಳ್ಳುತ್ತಿದ್ದರು. ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿಯಲ್ಲಿ ಅರ್ಧ ಉಳಿದಿತ್ತು. ಹದಿನೈದನೆಯ ವಯಸ್ಸಿಗೆ ಇಸ್ತಾಂಬುಲ್ ಹೊರವಲಯದ ಬಟ್ಟೆ ಗಿರಣಿ ಸೇರಿ, ಮಗ್ಗಗಳ ನಡುವೆ ಹದಿನೇಳು ವರ್ಷ ನಿಂತು ಬಂದ ಕಿವಿಗಳು ಅವು. ಆ ಗದ್ದಲದಲ್ಲಿ ಎಷ್ಟು ಕೂಗಿದರೂ ಪಕ್ಕದವನಿಗೆ ಕೇಳುತ್ತಿರಲಿಲ್ಲವಂತೆ. ಅದಕ್ಕೇ ಅಲ್ಲಿನವರೆಲ್ಲ ದನಿ ಹೊರಡಿಸದೆ ತುಟಿ ಆಡಿಸಿಯೇ ಮಾತಾಡುವುದನ್ನು ರೂಢಿ ಮಾಡಿಕೊಂಡಿದ್ದರು. ಮದುವೆಯ ಸುದ್ದಿ, ಜಗಳ, ಮೇಸ್ತ್ರಿಗೆ ಬೈಗುಳ ಎಲ್ಲವೂ ಹಾಗೆಯೇ. ಮೊದಲ ಸಲ ಅಂಗಡಿಗೆ ಹೋದ ಹೆಂಗಸರಿಗೆ ಈ ಮುದುಕ ಯಾಕೆ ಹೀಗೆ ಬಾಯಿ ನೋಡುತ್ತಾನೆ ಎಂದು ಮುಜುಗರವಾಗುತ್ತಿತ್ತು. ನನಗೂ ಆಗಿತ್ತು.

ಲಂಡನ್ನಿನ ಕೆಂಟನ್ ಸ್ಟೇಷನ್ನಿನ ಸೇತುವೆಯ ಹತ್ತಿರ, ಔಷಧದ ಅಂಗಡಿಗೂ ಗುಜರಾತಿ ಮಿಠಾಯಿ ಅಂಗಡಿಗೂ ನಡುವೆ ಇಕ್ಕಟ್ಟಾಗಿ ನಿಂತಿತ್ತು ಅವರ ಅಂಗಡಿ. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಜಿಪ್ ಬದಲಾಯಿಸುವುದು, ಕೋಟಿನ ಒಳಬಟ್ಟೆ ಸರಿಮಾಡುವುದು ಅವರ ಕೆಲಸ. ಆದರೆ ಕೆಂಟನ್ನಿನಲ್ಲಿ ಹೊಲಿಗೆ ಅಂಗಡಿ ಇಟ್ಟವರು ರವಿಕೆ ಹೊಲಿಯದೆ ಇರಲಾಗುವುದಿಲ್ಲ. ಯಾರೋ ಮೊದಲ ಗಿರಾಕಿ ಅಳತೆಗೆಂದು ಹಳೆಯ ರವಿಕೆ ಕೊಟ್ಟುಹೋದಾಗ, ಅದರ ಹೊಲಿಗೆಗಳನ್ನೆಲ್ಲ ಬಿಚ್ಚಿ, ತುಂಡುಗಳನ್ನು ಮೇಜಿನ ಮೇಲೆ ಹರಡಿಕೊಂಡು ಎರಡು ದಿನ ಸುಮ್ಮನೆ ನೋಡಿದರಂತೆ. ಮೂರನೆಯ ದಿನ ಮತ್ತೆ ಜೋಡಿಸಿ, ಅದರ ಪಕ್ಕದಲ್ಲೇ ಹೊಸದೊಂದನ್ನು ಹೊಲಿದಿಟ್ಟರಂತೆ. ನಾನು ಅವರನ್ನು ಕಾಣುವ ಹೊತ್ತಿಗೆ ಪಿನ್ನರ್, ಹ್ಯಾರೋ ಕಡೆಯ ಕನ್ನಡದ ಹೆಂಗಸರೂ ಅವರಲ್ಲಿಗೆ ಬರುತ್ತಿದ್ದರು. ದರ್ಜಿಗೆ ಬರುತ್ತಿದ್ದ ಕನ್ನಡವೆಲ್ಲ ರವಿಕೆಯ ಕನ್ನಡ: ‘ತೋಳು’, ‘ಕುತ್ತಿಗೆ’, ‘ಸ್ವಲ್ಪ ಲೂಸಾ?’, ‘ಸಾಕಾ?’ ಜೊತೆಗೆ ‘ಅಕ್ಕ’. ಹೆಂಗಸರು ಒಬ್ಬರನ್ನೊಬ್ಬರು ಹಾಗೆ ಕರೆಯುವುದನ್ನು ನೋಡಿ, ಗಿರಾಕಿ ಎನ್ನುವುದಕ್ಕೆ ನಮ್ಮ ಭಾಷೆಯಲ್ಲಿ ಅಕ್ಕ ಎನ್ನುತ್ತಾರೆಂದು ತಿಳಿದಿದ್ದರು. ಎಪ್ಪತ್ತು ದಾಟಿದ ಮನುಷ್ಯ ನಲವತ್ತರ ನನ್ನನ್ನು ಅಕ್ಕ ಎಂದು ಕರೆಯುತ್ತಿದ್ದರು. ನಾನು ತಿದ್ದಲಿಲ್ಲ.

ಹೇಗಿದ್ದೀರಿ ಎಂದು ಕೇಳಿದರೆ ಅವರು ಕೊಡುತ್ತಿದ್ದ ಉತ್ತರ ಒಂದೇ: “ನಿಂತಿದ್ದೇನೆ.” ಅಂಗಡಿಯಲ್ಲಿ ಅವರು ಕುಳಿತದ್ದನ್ನು ನಾನು ಕಂಡದ್ದು ಕಡಿಮೆ. ಹೊಲಿಗೆ ಯಂತ್ರವನ್ನೂ ಎತ್ತರದ ಮೇಜಿನ ಮೇಲಿಟ್ಟು ನಿಂತೇ ತುಳಿಯುತ್ತಿದ್ದರು. ಮಗ್ಗದ ಮುಂದೆ ಬಂದ ಚಾಳಿ ಇರಬೇಕು. ಬೂದು ಬಣ್ಣದ ಸ್ವೆಟರಿನ ಎದೆಯಲ್ಲಿ ದಾರ ಪೋಣಿಸಿದ ಎರಡು ಸೂಜಿ, ಒಂದು ಕಪ್ಪು ದಾರದ್ದು, ಒಂದು ಬಿಳಿಯದು, ಯಾವಾಗಲೂ ಚುಚ್ಚಿಕೊಂಡಿರುತ್ತಿದ್ದವು. ತುರ್ಕಿಯವರೆಲ್ಲ ಲಂಡನ್ನಿನ ಉತ್ತರಕ್ಕೆ, ಎಡ್ಮಂಟನ್, ಎನ್‌ಫೀಲ್ಡ್ ಕಡೆ ಇರುವಾಗ ಇವರೊಬ್ಬರು ಈ ಮೂಲೆಗೆ ಯಾಕೆ ಬಂದರು ಎಂಬ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಅಳತೆ ಕೊಡುತ್ತಿದ್ದೆ, ಬರುತ್ತಿದ್ದೆ. ಅವರ ಕಥೆ ನನಗೆ ತಿಳಿದದ್ದು ನನಗೊಂದು ಕಷ್ಟ ಬಂದಾಗ.

ಆಗ ನಾನು ಹೇಸ್‌ನ ಒಂದು ಗೋದಾಮಿನಲ್ಲಿ ಕೆಲಸಕ್ಕಿದ್ದೆ. ವಿಮಾನಗಳಿಗೆ ಊಟದ ಸಾಮಾನು ಕಳಿಸುವ ಗೋದಾಮು. ಇನ್ನೂರು ಜನರ ಪಾಳಿ ಹಾಕುವುದು ನನ್ನ ಕೆಲಸ. ಆ ಚಳಿಗಾಲದಲ್ಲಿ ಶೀತಲ ಕೋಣೆಯಲ್ಲಿ ದುಡಿಯುತ್ತಿದ್ದವರ ಕೈಬೆರಳು ಒಡೆದು ರಕ್ತ ಬರತೊಡಗಿತ್ತು. ಕೊಟ್ಟ ಗ್ಲೌಸು ಅರ್ಧ ಗಂಟೆಗೆ ಒದ್ದೆಯಾಗುತ್ತಿತ್ತು. ಬಿಡುವಿನ ಹೊತ್ತನ್ನೂ ಹತ್ತು ನಿಮಿಷಕ್ಕೆ ಇಳಿಸಿದ್ದರು. ಜನ ಯೂನಿಯನ್ ಕಟ್ಟುವ ಮಾತಾಡತೊಡಗಿದ್ದರು. ಪಾಳಿ ಬದಲಿಸಿ ಕೊಡಿ, ಎಲ್ಲರೂ ಒಟ್ಟಿಗೆ ಸೇರಬೇಕು ಎಂದು ನನ್ನ ಹತ್ತಿರ ಬಂದು ಕೇಳುವವರ ಮೇಲಿಂದಲೇ ಇದರ ಮುಂದಾಳುಗಳು ಯಾರೆಂದು ನನಗೆ ತಿಳಿದುಹೋಗಿತ್ತು.

ನಮ್ಮ ಮ್ಯಾನೇಜರು ಬೆಂಗಳೂರಿನವರು. ಕೆಲಸದಲ್ಲಿ ಎಂದೂ ಕನ್ನಡ ಆಡದ ಮನುಷ್ಯ ಒಂದು ಶುಕ್ರವಾರ ಕ್ಯಾಂಟೀನಿನಲ್ಲಿ ನನ್ನ ಎದುರು ಬಂದು ಕುಳಿತು ಕನ್ನಡದಲ್ಲೇ ಶುರು ಮಾಡಿದರು.

“ಮೇಡಂ, ಇದೇನ್ ಎನ್‌ಕ್ವೈರಿ ಅಲ್ಲ, ಜಸ್ಟ್ ಕಾಫಿ. ಹುಡುಗರ ಪ್ರಾಬ್ಲಂ ಏನು ಅಂತ ನಾವೂ ಕೇಳ್ಬೇಕಲ್ವಾ? ಯಾರ್ ಹತ್ರ ಮಾತಾಡಿದ್ರೆ ಸರಿ ಅಂತ ಮೂರ್ನಾಲ್ಕು ಹೆಸರು ಹೇಳಿ ಸಾಕು. ನಿಮಗೆ ಗೊತ್ತಿರತ್ತೆ.”

“ನನಗ ಅಷ್ಟೆಲ್ಲಾ ಗೊತ್ತಿಲ್ರೀ” ಎಂದೆ. ಗಾಬರಿಯಾದಾಗ ನನ್ನ ಬಾಯಲ್ಲಿ ಧಾರವಾಡ ಬಂದುಬಿಡುತ್ತದೆ.

“ಅವಸರ ಇಲ್ಲ. ಸೋಮವಾರ ಹೇಳಿ. ಆಮೇಲೆ ಆ ಪ್ಲ್ಯಾನಿಂಗ್ ಹೆಡ್ ಪೋಸ್ಟ್ ಬಗ್ಗೇನೂ ಮಾತಾಡೋಣ.”

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ಮೈಸೂರಿನವರು, ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರು. ಅವತ್ತು ಹದಿಮೂರು ಗಂಟೆ ಡ್ಯೂಟಿ ಮುಗಿಸಿ ಬಂದಿದ್ದರು. “ಹೆಸರು ಹೇಳಿ ಕೈ ತೊಳ್ಕೊ. ನೀನು ಹೇಳ್ದೆ ಇದ್ರೆ ಇನ್ನೊಬ್ರು ಹೇಳ್ತಾರೆ. ನಮ್ಮ ವೀಸಾ ಪೇಪರ್ ಬೇರೆ ಇನ್ನೂ ಬಂದಿಲ್ಲ” ಎಂದರು. ಅದು ಕೆಟ್ಟ ಮಾತೆಂದು ನನಗೂ ಅನ್ನಿಸಲಿಲ್ಲ. ಇಬ್ಬರಿಗೂ ಸುಸ್ತಾಗಿತ್ತು.

ಮಾರನೆಯ ದಿನ ಶನಿವಾರ, ರವಿಕೆ ತರಲು ಅಂಗಡಿಗೆ ಹೋದೆ. ದರ್ಜಿ ನನ್ನ ಮುಖ ನೋಡಿ, “ಅಕ್ಕ, ಇವತ್ತು ನಿಮ್ಮ ತುಟಿ ಸರಿಯಾಗಿ ಆಡುತ್ತಿಲ್ಲ. ಏನೋ ಒಳಗೆ ಹಿಡಿದುಕೊಂಡಿದ್ದೀರಿ” ಎಂದರು. ಅವರ ಇಂಗ್ಲಿಷಿನಲ್ಲಿ ಕ್ರಿಯಾಪದಗಳು ಸದಾ ತಪ್ಪಾಗಿರುತ್ತಿದ್ದವು. ಅರ್ಥ ಮಾತ್ರ ಎಂದೂ ತಪ್ಪುತ್ತಿರಲಿಲ್ಲ. ನಾನು ಎಲ್ಲ ಹೇಳಿದೆ. ಮ್ಯಾನೇಜರು ನಮ್ಮ ಭಾಷೆಯಲ್ಲೇ ಮಾತಾಡಿದರು ಎಂದಾಗ ಅವರು ಕತ್ತರಿ ಕೆಳಗಿಟ್ಟರು. ಬಾಗಿಲಿಗೆ ಚಿಲಕ ಹಾಕಿ ಬಂದು, ಅಪರೂಪಕ್ಕೆ ಕುಳಿತರು.

“ನನ್ನ ಹತ್ತಿರ ಬಂದವನೂ ನನ್ನ ಭಾಷೆಯನ್ನು ಚೆನ್ನಾಗಿ ಆಡುತ್ತಿದ್ದ” ಎಂದರು.

ಎಪ್ಪತ್ತರ ದಶಕದ ಕೊನೆಯ ಮಾತು. ಅವರು ಗಿರಣಿಯ ತಮ್ಮ ವಿಭಾಗಕ್ಕೆ ಸಂಘದ ಪ್ರತಿನಿಧಿ. ದೇಶದಲ್ಲಿ ದಿನವೂ ಒಂದಲ್ಲ ಒಂದು ಕಡೆ ಮುಷ್ಕರ. ತುರ್ಕಿಯ ಕಾರ್ಮಿಕ ಸಂಘಗಳು ಎತ್ತ ವಾಲುತ್ತವೆ, ಮಾಸ್ಕೋ ಕಡೆಗೋ ಪಶ್ಚಿಮದ ಕಡೆಗೋ ಎಂದು ದೊಡ್ಡ ದೇಶಗಳಿಗೆಲ್ಲ ಚಿಂತೆ. ಅದನ್ನು ಗಮನಿಸಿ ತಮ್ಮ ಸರ್ಕಾರಕ್ಕೆ ವರದಿ ಬರೆಯುವುದಕ್ಕೆಂದೇ ದೂತಾವಾಸಗಳಲ್ಲಿ ಒಬ್ಬೊಬ್ಬ ಅಧಿಕಾರಿ ಇರುತ್ತಿದ್ದ. ಹಾಗೆ ಬಂದವನು ಒಬ್ಬ ತೆಳ್ಳನೆಯ ಇಂಗ್ಲಿಷರವ. ಗಿರಣಿಯ ಗೇಟಿನ ಹತ್ತಿರದ ಚಹಾ ಅಂಗಡಿಯಲ್ಲಿ ಪರಿಚಯ ಮಾಡಿಕೊಂಡ. ತಾನು ಯಾರೆಂದು ಮುಚ್ಚಿಡಲಿಲ್ಲ. ನಿಮ್ಮ ಸಂಘದ ಬಗ್ಗೆ ತಿಳಿದುಕೊಳ್ಳಬೇಕು, ಚಹಾ ಕುಡಿಯೋಣ ಎಂದ. ನಾಲ್ಕು ಸಲ ಕುಡಿದರು. ಕೊನೆಯ ಸಲ ದೂತಾವಾಸದ ತೋಟದಲ್ಲಿ, ಬಿಳಿಯ ಬಟ್ಟೆ ಹಾಸಿದ ಮೇಜಿನ ಮುಂದೆ.

“ನಾನು ಮಾತಾಡಿದೆ ಅಕ್ಕ. ಹೌದು, ಮಾತಾಡಿದೆ. ಯಾಕೆ ಗೊತ್ತಾ? ಅವನು ಬರೆದುಕೊಳ್ಳುತ್ತಿದ್ದ. ನನ್ನ ಮಾತನ್ನು ಒಬ್ಬರು ಬರೆದುಕೊಂಡದ್ದು ಹುಟ್ಟಿದಾಗಿನಿಂದ ಅದೇ ಮೊದಲು.”

ಆಮೇಲೆ ಸೈನ್ಯ ಬಂದು ಸರ್ಕಾರ ವಹಿಸಿಕೊಂಡಿತು. ಸಂಘದ ಕಚೇರಿಗೆ ಬೀಗ ಬಿತ್ತು. ಆ ಗಿರಣಿಯಿಂದ ಕಾರ್ಯದರ್ಶಿಯೂ ಸೇರಿ ಹನ್ನೆರಡು ಜನರನ್ನು ಹಿಡಿದುಕೊಂಡು ಹೋದರು. ಇವರು ಆ ವಾರ ತಾಯಿ ತೀರಿಕೊಂಡದ್ದಕ್ಕೆ ಊರಿಗೆ ಹೋಗಿದ್ದರು, ಸಿಗಲಿಲ್ಲ. ಊರಿಂದ ಹಾಗೇ ಗಡಿ ದಾಟಿ, ಹೇಗೋ ಹೆಂಡತಿಯನ್ನೂ ಕರೆಸಿಕೊಂಡು ಲಂಡನ್ ಸೇರಿದರು. ಕೆಲವು ವರ್ಷಗಳ ನಂತರ ಜೈಲಿನಿಂದ ಬಿಟ್ಟವರೂ ಒಬ್ಬೊಬ್ಬರಾಗಿ ಇಲ್ಲಿಗೇ ಬಂದರು. ಬರುವಾಗ ಜೈಲಿನಲ್ಲಿ ಹುಟ್ಟಿದ ಒಂದು ಮಾತನ್ನೂ ತಂದರು: ಹನ್ನೆರಡು ಹೆಸರು ಕೊಟ್ಟವನು ದೂತಾವಾಸದಲ್ಲಿ ಚಹಾ ಕುಡಿದವನು. ಇಲ್ಲದಿದ್ದರೆ ಅವನೊಬ್ಬ ಹೇಗೆ ತಪ್ಪಿಸಿಕೊಂಡ? ಇಂಗ್ಲಿಷರು ಅವನಿಗೇ ಯಾಕೆ ಅಷ್ಟು ಬೇಗ ಆಶ್ರಯ ಕೊಟ್ಟರು? ಉತ್ತರ ಲಂಡನ್ನಿನ ತಮ್ಮವರ ಚಹಾ ಕೋಣೆಗೆ ಒಂದು ಭಾನುವಾರ ಇವರು ಹೋದಾಗ ಕಾರ್ಯದರ್ಶಿ ಎಲ್ಲರ ಮುಂದೆ, “ಇವನಿಗೆ ನಮ್ಮ ಗಾಜಿನ ಲೋಟ ಕೊಡಬೇಡಿ. ಇವನಿಗೆ ಪಿಂಗಾಣಿ ಕಪ್ಪು ಅಭ್ಯಾಸ” ಎಂದರಂತೆ. ಯಾರೂ ನಗಲಿಲ್ಲ. ಕುರ್ಚಿಗಳು ಒಂದೊಂದಾಗಿ ಅತ್ತ ತಿರುಗಿದವು. ಅದಾದ ತಿಂಗಳಿಗೆ ಅವರು ತುರ್ಕಿಯವರು ಯಾರೂ ಇಲ್ಲದ ಜಾಗ ಹುಡುಕಿಕೊಂಡು ಕೆಂಟನ್ನಿಗೆ ಬಂದದ್ದು.

ಹೆಂಡತಿ ಇಲ್ಲಿಯೇ ತೀರಿಕೊಂಡರು. ಹೆಣಕ್ಕೆ ಹೆಗಲು ಕೊಡಲು ತಮ್ಮವರು ಇಬ್ಬರೇ ಬಂದಿದ್ದರು. ಅಂಗಡಿಯ ಮೇಲಿನ ಫ್ಲ್ಯಾಟಿನ ಗುಜರಾತಿ ಅಣ್ಣತಮ್ಮಂದಿರು ಕೆಲಸಕ್ಕೆ ರಜೆ ಹಾಕಿ ಬಂದು ಹೆಗಲು ಕೊಟ್ಟರಂತೆ. ಇದನ್ನು ಹೇಳುವಾಗ ಅವರ ದನಿ ಏರಲಿಲ್ಲ, ಇಳಿಯಲಿಲ್ಲ.

ನಾನು ಕೇಳಬಾರದ ಪ್ರಶ್ನೆ ಕೇಳಿದೆ. “ನೀವು ಹೆಸರು ಹೇಳಿದ್ರಾ?”

ಅವರು ಬಹಳ ಹೊತ್ತು ನನ್ನ ತುಟಿ ನೋಡಿದರು, ಪ್ರಶ್ನೆ ಇನ್ನೂ ಅಲ್ಲೇ ಇದೆಯೇನೋ ಎಂಬಂತೆ.

“ಮೊದಮೊದಲು ಇಲ್ಲ ಎಂದು ಖಂಡಿತ ಗೊತ್ತಿತ್ತು. ಹತ್ತು ವರ್ಷ ಆದ ಮೇಲೆ, ಬಾಯಿ ತಪ್ಪಿ ಒಂದು ಹೇಳಿದ್ದೆನೋ ಏನೋ ಅನ್ನಿಸಿತು. ಈಗ ಆ ತೋಟ ನೆನಪಾಗುತ್ತದೆ, ಬಿಳಿ ಬಟ್ಟೆ ನೆನಪಾಗುತ್ತದೆ. ನನ್ನ ಬಾಯಿ ಆಡುವುದೂ ಕಾಣುತ್ತದೆ. ಏನು ಹೇಳುತ್ತಿದ್ದೇನೆ ಎಂದು ಮಾತ್ರ ಕೇಳಿಸುವುದಿಲ್ಲ. ಅಷ್ಟೊಂದು ಜನ ಹೇಳುವಾಗ ಹೇಳಿಯೇ ಇರಬೇಕು.”

ರವಿಕೆಯನ್ನು ಕಾಗದದ ಚೀಲಕ್ಕೆ ಹಾಕಿ ಕೈಗೆ ಕೊಡುತ್ತ, “ಸೋಮವಾರ ಗ್ಲೌಸಿನ ಬಗ್ಗೆ ಹೇಳಿ. ಕೋಣೆಯ ಚಳಿ ಎಷ್ಟು ಎಂದು ಹೇಳಿ. ಏನು ಎಂದು ಕೇಳಿದರೆ ಎಷ್ಟು ಬೇಕಾದರೂ ಹೇಳಿ. ಯಾರು ಎಂದು ಕೇಳಿದರೆ ಎದ್ದು ಬನ್ನಿ. ನನ್ನ ಹಾಗೆ, ಹೇಳಿದೆನೋ ಇಲ್ಲವೋ ಎಂದು ನಲವತ್ತು ವರ್ಷ ಯೋಚಿಸುವ ಗತಿ ಬೇಡ” ಎಂದರು.

ಸೋಮವಾರ ಹಾಗೆಯೇ ಮಾಡಿದೆ. ಒದ್ದೆ ಗ್ಲೌಸಿನ ಬಗ್ಗೆ ಹತ್ತು ನಿಮಿಷ ಮಾತಾಡಿದೆ. ಮ್ಯಾನೇಜರು ನಡುವೆ ಇಂಗ್ಲಿಷಿಗೆ ಹೊರಳಿದರು. ಮತ್ತೆಂದೂ ನನ್ನೊಡನೆ ಕನ್ನಡ ಆಡಲಿಲ್ಲ. ನಾನೇನೋ ಸಾಧಿಸಿದೆ ಎಂದು ಬರೆಯಲಾರೆ. ಬೇರೆ ಯಾರೋ ಹೆಸರು ಕೊಟ್ಟರು, ಇಬ್ಬರು ಕೆಲಸ ಕಳೆದುಕೊಂಡರು. ಪ್ಲ್ಯಾನಿಂಗ್ ಹೆಡ್ ಕೆಲಸ ನನಗೆ ಸಿಗಲಿಲ್ಲ. ವಸಂತದ ಹೊತ್ತಿಗೆ ಒಳ್ಳೆಯ ಗ್ಲೌಸು ಬಂದವು. ಕೆಲಸ ಹೋದ ಇಬ್ಬರಲ್ಲಿ ಒಬ್ಬನಿಗೆ ನಾನು ಸ್ಟೇಷನ್ನಿನಲ್ಲಿ ಎದುರಾದೆ. ತಲೆ ತಗ್ಗಿಸದೆ ಅವನ ಮುಖ ನೋಡಿ ಮಾತಾಡಿಸುವುದು ಸಾಧ್ಯವಾಯಿತು. ಅದರ ಬೆಲೆ ಆಗಲೇ ನನಗೆ ಗೊತ್ತಾದದ್ದು.

ಹಾಗಾಗಿ ದರ್ಜಿಗೋಸ್ಕರ ಏನಾದರೂ ಮಾಡಬೇಕು ಎನ್ನಿಸಿತು. ಹಳೆಯ ಸರ್ಕಾರಿ ಕಡತಗಳನ್ನು ವರ್ಷಗಳು ಕಳೆದ ಮೇಲೆ ಲಂಡನ್ನಿನಲ್ಲೇ ಕ್ಯೂ ಎಂಬ ಜಾಗದಲ್ಲಿರುವ ದಾಖಲೆ ಭಂಡಾರದಲ್ಲಿ ಸಾರ್ವಜನಿಕರಿಗೆ ತೆರೆಯುತ್ತಾರೆಂದು ಕೇಳಿದ್ದೆ. ಒಂದು ಭಾನುವಾರ ಭಂಡಾರದ ಕಂಪ್ಯೂಟರ್ ಪಟ್ಟಿಯಲ್ಲಿ ಹುಡುಕಿದೆ. ತುರ್ಕಿಯ ಕಾರ್ಮಿಕ ಸಂಘಗಳು ಎಂಬ ಹೆಸರಿನ ಕಡತಗಳು ಸಾಲಾಗಿ ಕಂಡವು. ದರ್ಜಿಗೆ ಹೇಳಿದಾಗ ಅವರು ಖುಷಿಪಡಲಿಲ್ಲ. ಮೂರು ವಾರ ಆ ಮಾತೇ ಎತ್ತಲಿಲ್ಲ. ನಾಲ್ಕನೆಯ ವಾರ, “ಬುಧವಾರ ಅಂಗಡಿ ಮುಚ್ಚುತ್ತೇನೆ. ನಿಮಗೆ ರಜೆ ಸಿಗುತ್ತದಾ?” ಎಂದರು.

ವಿಲ್ಸ್‌ಡನ್ ಜಂಕ್ಷನ್‌ನಲ್ಲಿ ಗಾಡಿ ಬದಲಾಯಿಸಿ ಹೋದೆವು. ಅವರು ಕಡುನೀಲಿ ಸೂಟು ಹಾಕಿಕೊಂಡು ಬಂದಿದ್ದರು, ಕೋರ್ಟಿಗೆ ಹೋಗುವವರ ಹಾಗೆ. ಅಲ್ಲಿ ಪೆನ್ನು ಒಳಗೆ ಬಿಡುವುದಿಲ್ಲ, ಪೆನ್ಸಿಲ್ ಮಾತ್ರ. ಅವರ ಸೂಜಿಗಳನ್ನೂ ತೆಗೆಸಿದರು. ಮೊದಲ ದಿನ ಮೂರು ಕಡತ ನೋಡಿದೆವು. ಯಾವ ಒಕ್ಕೂಟದಲ್ಲಿ ಯಾರ ಮಾತು ನಡೆಯುತ್ತದೆ, ಯಾವ ನಾಯಕ ಯಾವ ದೇಶಕ್ಕೆ ಹೋಗಿಬಂದ, ಯಾವ ಮುಷ್ಕರ ಎಷ್ಟು ದಿನ ನಡೆಯಬಹುದು, ಬೇರೆ ದೇಶಗಳ ದೂತಾವಾಸದವರಿಗೆ ಏನು ಗೊತ್ತಿದೆ ಎಂದು ಪುಟಗಟ್ಟಲೆ ಟೈಪು ಮಾಡಿದ ವರದಿಗಳು. ನಾನು ಮೆಲ್ಲಗೆ ಓದುತ್ತಿದ್ದೆ, ಅವರು ನನ್ನ ತುಟಿ ನೋಡುತ್ತಿದ್ದರು. ಅವರಿಗೆ ಗೊತ್ತಿದ್ದ ಒಂದು ಮುಷ್ಕರದ ಬಗ್ಗೆ ಮೂರೇ ಸಾಲು ಇತ್ತು. ಆ ಮುಷ್ಕರದಲ್ಲಿ ಅವರ ಪಕ್ಕದ ಮಗ್ಗದವನು ಸತ್ತಿದ್ದ.

“ನಮ್ಮ ಹೊಟ್ಟೆಯ ಸಂಕಟವನ್ನೆಲ್ಲ ಇವರು ಹವಾಮಾನದ ಹಾಗೆ ಬರೆದಿದ್ದಾರೆ” ಎಂದರು. “ನಾಳೆ ಮಳೆ ಬರಬಹುದು, ಬರದೆಯೂ ಇರಬಹುದು.”

ಎರಡನೆಯ ಸಲ ಹೋದಾಗ, ಮಧ್ಯಾಹ್ನದ ಹೊತ್ತಿಗೆ ಸಿಕ್ಕಿತು. ಎರಡು ಪುಟದ ಟಿಪ್ಪಣಿ. ಬಟ್ಟೆ ಗಿರಣಿಯ ಒಬ್ಬ ಪ್ರತಿನಿಧಿಯೊಂದಿಗೆ ನಾಲ್ಕು ಭೇಟಿಗಳು ಎಂದಿತ್ತು. ಅವರ ಹೆಸರಿನಲ್ಲಿ ಎರಡು ಅಕ್ಷರ ತಪ್ಪಾಗಿದ್ದವು. ಮೊದಲು ನಾನೊಬ್ಬಳೇ ಓದಿ ನೋಡಲೇ ಎಂದುಕೊಂಡೆ. ಅವರಿಗೆ ಅದು ಗೊತ್ತಾಯಿತು.

“ಒಳಗೆ ಓದಬೇಡಿ. ತುಟಿ ಆಡಿಸಿ” ಎಂದರು.

ಓದಿದೆ. ಈ ಮನುಷ್ಯ ಪ್ರಾಮಾಣಿಕನಂತೆ ಕಾಣುತ್ತಾನೆ, ಆದರೆ ಉಪಯೋಗಕ್ಕೆ ಬರುವವನಲ್ಲ ಎಂದು ಅಧಿಕಾರಿ ಬರೆದಿದ್ದ. ಸಂಘದ ಒಳಗಿನ ಬಣಗಳ ಬಗ್ಗೆ, ಮುಂದಾಳುಗಳ ಬಗ್ಗೆ ಪ್ರತಿ ಸಲ ಕೇಳಿದರೂ ಆತ ಕಕ್ಕಸುಗಳ ವಿಷಯಕ್ಕೇ ಮರಳುತ್ತಾನೆ. ಮುನ್ನೂರು ಹೆಂಗಸರಿಗೆ ಎರಡೇ ಕಕ್ಕಸು ಇವೆ ಎನ್ನುತ್ತಾನೆ. ಹತ್ತಿಯ ಧೂಳು, ಕೆಮ್ಮು, ಊಟದಲ್ಲಿ ಹುಳ, ಇವೇ ಅವನ ಮಾತು. ಗೊತ್ತಿಲ್ಲವೋ ಹೇಳಲು ಇಷ್ಟವಿಲ್ಲವೋ ತಿಳಿಯದು. ಈ ಸಂಪರ್ಕವನ್ನು ಮುಂದುವರಿಸುವ ಅಗತ್ಯ ಕಾಣುವುದಿಲ್ಲ.

“ಹೆಸರು?” ಎಂದರು ಅವರು. ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

“ಒಂದು ಹೆಸರು ಇದೆ.”

ನಾನು ಆ ಹೆಸರನ್ನು ಓದಿದೆ. ಒಬ್ಬ ಹೆಂಗಸಿನ ಹೆಸರು. ಪಾಳಿ ಬಿಟ್ಟು ಹೋಗಲು ಮೇಸ್ತ್ರಿ ಬಿಡದೆ, ಮಗ್ಗದ ಪಕ್ಕದಲ್ಲೇ ಗರ್ಭ ಇಳಿದುಹೋದ ಹೆಂಗಸು. ಆಕೆಯ ಹೆಸರನ್ನು ಬರೆದುಕೊಳ್ಳಲೇಬೇಕೆಂದು ಪ್ರತಿನಿಧಿ ಹಟ ಹಿಡಿದ ಎಂದು ಅಧಿಕಾರಿ ಬರೆದಿದ್ದ.

“ಅವಳು ಸೈನ್ಯ ಬರುವುದಕ್ಕೆ ಮೊದಲೇ ಸತ್ತಳು. ಎದೆಯ ರೋಗ” ಎಂದರು. “ಮತ್ತೊಮ್ಮೆ ಓದಿ” ಎಂದರು. ನಾಲ್ಕು ಸಲ ಓದಿಸಿದರು. ಹೊರಗೆ ಬಂದು ಕೊಳದ ಪಕ್ಕದ ಬೆಂಚಿನ ಮೇಲೆ ಕುಳಿತೆವು. ಅವರು ಅತ್ತರು ಎಂದು ಬರೆದರೆ ಸುಳ್ಳಾಗುತ್ತದೆ. ಟೈ ಬಿಚ್ಚಿ ಮಡಚಿ ಜೇಬಿಗೆ ಹಾಕಿಕೊಂಡರು. “ಹೇಳಿರಲಿಲ್ಲ, ಅಲ್ವಾ” ಎಂದು ತಮಗೇ ಹೇಳಿಕೊಂಡರು. ಆಮೇಲೆ ಕುಳಿತಲ್ಲೇ ನಿದ್ದೆ ಹೋದರು. ಮುಕ್ಕಾಲು ಗಂಟೆ ನಾನು ಅವರನ್ನು ಎಬ್ಬಿಸಲಿಲ್ಲ.

ಆ ಎರಡು ಪುಟದ ನಕಲು ಮಾಡಿಸಿಕೊಂಡಿದ್ದೆವು. ಹನ್ನೆರಡು ಜನರಲ್ಲಿ ಆಗ ಲಂಡನ್ನಿನಲ್ಲಿ ಬದುಕಿ ಉಳಿದಿದ್ದವರು ಕಾರ್ಯದರ್ಶಿ ಒಬ್ಬರೇ. ಎನ್‌ಫೀಲ್ಡ್ ಕಡೆಯ ಒಂದು ವೃದ್ಧರ ಆರೈಕೆ ಮನೆಯಲ್ಲಿದ್ದರು. ಅವರಿಗೆ ತೋರಿಸಬೇಕೆಂದು ದರ್ಜಿ ಹೊರಟರು. ಒಬ್ಬರೇ ಹೋಗಲು ಕಾಲು ಬರುವುದಿಲ್ಲ, ನೀವೂ ಬನ್ನಿ ಎಂದರು.

ಎರಡು ಟ್ಯೂಬು ರೈಲು, ಒಂದು ಬಸ್ಸು. ಕಾರ್ಯದರ್ಶಿ ಕಿಟಕಿಯ ಪಕ್ಕ ಗಾಲಿಕುರ್ಚಿಯಲ್ಲಿದ್ದರು. ಮೂಗಿಗೆ ಆಮ್ಲಜನಕದ ಕೊಳವೆ, ದೊಡ್ಡ ತಲೆ, ಬತ್ತಿದ ಮೈ. ಜೈಲಿನಲ್ಲಿ ಮುರಿದಿದ್ದ ಬಲಗೈಯ ಎರಡು ಬೆರಳು ಸೊಟ್ಟಗೆ ಕೂಡಿಕೊಂಡಿದ್ದವು. ಇವರನ್ನು ನೋಡಿದ ಕೂಡಲೇ ಗುರುತು ಹಿಡಿದರು. ಅದು ಅವರ ಕಣ್ಣಲ್ಲೇ ಕಂಡಿತು. ದರ್ಜಿ ಕಾಗದ ಬಿಚ್ಚಿ ಅವರ ಮುಂದಿನ ಟ್ರೇ ಮೇಲಿಟ್ಟು, ಬೆರಳಿಟ್ಟು ತೋರಿಸುತ್ತ ತಮ್ಮ ಭಾಷೆಯಲ್ಲಿ ಏನೋ ಹೇಳತೊಡಗಿದರು. ಕಾರ್ಯದರ್ಶಿ ಕಾಗದದ ಕಡೆ ನೋಡಲಿಲ್ಲ. ಸೊಟ್ಟ ಬೆರಳಿನಿಂದ ಅದನ್ನು ಹಿಂದಕ್ಕೆ ತಳ್ಳಿ ಎರಡೇ ಶಬ್ದ ಹೇಳಿದರು. ದರ್ಜಿಯ ಬಾಯಿ ತೆರೆದದ್ದು ಹಾಗೇ ನಿಂತಿತು. ಆಮೇಲೆ ಕಾರ್ಯದರ್ಶಿ ಉಸಿರು ತೆಗೆದುಕೊಳ್ಳುತ್ತ, ನಿಲ್ಲಿಸುತ್ತ, ಬಹಳ ಹೊತ್ತು ಮಾತಾಡಿದರು. ನನಗೆ ಒಂದಕ್ಷರ ತಿಳಿಯಲಿಲ್ಲ.

ಕಾರ್ಯದರ್ಶಿಯ ಅಂಗಿ ಬೇರೆ ಯಾರದ್ದೋ ಇರಬೇಕು. ತೋಳು ಉದ್ದವಾಗಿ ಅಂಗೈ ಮುಚ್ಚಿ, ಸಾರಿನಲ್ಲಿ ಅದ್ದಿ ಕೊಳೆಯಾಗಿತ್ತು. ದರ್ಜಿ ಅದನ್ನು ನೋಡುತ್ತ ನಿಂತಿದ್ದವರು, ಎದೆಯಿಂದ ಬಿಳಿ ದಾರದ ಸೂಜಿ ಎಳೆದುಕೊಂಡರು. ಮೊಣಕಾಲೂರಿ ಕುಳಿತು, ಆ ತೋಳನ್ನು ಮಡಚಿ, ಮಣಿಕಟ್ಟಿಗೆ ಸರಿಯಾಗಿ ಹೊಲಿಯತೊಡಗಿದರು. ಮೊದಲು ಬಲ, ಆಮೇಲೆ ಎಡ. ಕಾರ್ಯದರ್ಶಿ ಕೈ ಚಾಚಿ ಕುಳಿತಿದ್ದರು, ಮಕ್ಕಳು ಚಾಚುವ ಹಾಗೆ.

ಬಸ್ಸು ಬರುವುದು ತಡವಾಗಿತ್ತು. ಸ್ಟಾಪಿನಲ್ಲಿ ಕುಳಿತಾಗ ಕೇಳಿದೆ, “ಏನಂದ್ರು?”

“ನನಗೆ ಗೊತ್ತು ಅಂದ.”

“ಈ ವರದಿ ಇರೋದು ಗೊತ್ತಾ?”

“ವರದಿ ಅಲ್ಲ. ನಾನು ಹೇಳಿಲ್ಲ ಎನ್ನುವುದು. ಆಗಲೇ ಗೊತ್ತಿತ್ತಂತೆ. ಸಂಘದ ಸದಸ್ಯರ ಪಟ್ಟಿಯೇ ಸೈನ್ಯದವರ ಕೈಗೆ ಸಿಕ್ಕಿತ್ತು. ಕಚೇರಿಯ ಮೇಜಿನ ಖಾನೆಯಲ್ಲಿ ಅವನೇ ಮರೆತಿದ್ದ. ಒಳಗೆ ದಿನವೂ ಹೊಡೆತ. ಹನ್ನೊಂದು ಜನ ಇವನ ಮುಖ ನೋಡಿ ಯಾರು ಹೇಳಿದ್ದು, ಯಾರು ಹೇಳಿದ್ದು ಎಂದು ಕೇಳುತ್ತಿದ್ದರು. ಪಟ್ಟಿ ಬಿಟ್ಟು ಬಂದದ್ದು ತಾನೇ ಎಂದು ಹೇಗೆ ಹೇಳುವುದು? ಹೊರಗೆ ಇದ್ದವನು ನಾನೊಬ್ಬ, ನನ್ನ ಹೆಸರು ಹೇಳಿಬಿಟ್ಟ. ನನಗೆ ಅಲ್ಲಿ ನೋವಾಗುವುದಿಲ್ಲ ಎಂದುಕೊಂಡನಂತೆ. ಒಂದು ಸಲ ಹೇಳಿದ ಮೇಲೆ ವಾಪಸು ತೆಗೆದುಕೊಳ್ಳಲು ಆಗಲಿಲ್ಲವಂತೆ.”

“ಕ್ಷಮೆ ಕೇಳಿದ್ರಾ?”

“ಇಲ್ಲ. ನಮ್ಮ ಕ್ಯಾಂಟೀನಿನಲ್ಲಿ ಹುರುಳಿಕಾಯಿ ಮಾಡುತ್ತಿದ್ದದ್ದು ಗುರುವಾರವೋ ಶುಕ್ರವಾರವೋ ಎಂದು ಕೇಳಿದ. ಗುರುವಾರ ಅಂದೆ.” ಬಸ್ಸು ಬರುವ ದಾರಿ ನೋಡುತ್ತ ಮತ್ತೆ ಹೇಳಿದರು: “ಸಿಟ್ಟು ಬರುತ್ತದೆ ಅಂದುಕೊಂಡಿದ್ದೆ ಅಕ್ಕ. ಇಷ್ಟು ವರ್ಷ ಇಟ್ಟುಕೊಂಡಿದ್ದ ಸಿಟ್ಟು. ಬರಲೇ ಇಲ್ಲ. ಸುಸ್ತಾಯಿತು ಅಷ್ಟೆ.”

ನನಗೆ ಮಾತ್ರ ಸಿಟ್ಟು ಬಂದಿತ್ತು. ಆ ಕಾಗದವನ್ನು ಅವರ ಚಹಾ ಕೋಣೆಯ ಗೋಡೆಗೆ ಅಂಟಿಸಿ ಬರೋಣ ಎಂದೆ. ಅವರು ಬೇಡವೆಂದರು. “ಹನ್ನೊಂದು ಜನರೂ ಸತ್ತಿದ್ದಾರೆ. ಅಲ್ಲಿ ಈಗ ಕುಳಿತಿರುವವರಿಗೆ ಗೋಡೆಯ ಮೇಲೆ ಫುಟ್‌ಬಾಲ್ ಬೇಕು. ನನಗೆ ಗೊತ್ತಾಯಿತಲ್ಲ. ನನಗೇ ಗೊತ್ತಿರಲಿಲ್ಲ, ಅದೇ ದೊಡ್ಡ ಕಷ್ಟ ಆಗಿತ್ತು.” ನಕಲನ್ನು ನನ್ನ ಕೈಗೇ ಕೊಟ್ಟರು. ಅಂಗಡಿಯಲ್ಲಿ ತೇವ ಹಿಡಿಯುತ್ತದೆ, ನಿಮ್ಮ ಮನೆಯಲ್ಲಿರಲಿ ಎಂದರು.

ಕಾರ್ಯದರ್ಶಿ ಆ ವರ್ಷದ ಕೊನೆಯಲ್ಲಿ ಹೋದರು. ದರ್ಜಿ ಮಾರನೆಯ ವರ್ಷ ಫೆಬ್ರವರಿಯಲ್ಲಿ, ಅಂಗಡಿಯಲ್ಲೇ ಕುಸಿದು, ಆಸ್ಪತ್ರೆಯಲ್ಲಿ ಮೂರು ದಿನ ಇದ್ದು ತೀರಿಕೊಂಡರು. ಎರಡನೆಯ ದಿನ ನೋಡಲು ಹೋಗಿದ್ದೆ. ನರ್ಸು ಹಾಸಿಗೆಯ ತಲೆಭಾಗ ಎತ್ತಿ ಕೂರಿಸಿದ್ದಳು. ಆಮ್ಲಜನಕದ ಮಾಸ್ಕಿನ ಹಿಂದೆ ಅವರ ತುಟಿ ಆಡುತ್ತಿತ್ತು, ದನಿ ಇರಲಿಲ್ಲ. ಅವರ ಹಾಗೆ ಓದಲು ನನಗೆ ಬರುವುದಿಲ್ಲ. ‘ಸಾಕಾ?’ ಎಂದರೇನೋ ಅನ್ನಿಸಿತು. ಹೂಂ ಎಂದು ತಲೆ ಆಡಿಸಿದೆ.

ಮಣ್ಣು ಮಾಡುವ ದಿನ ತಣ್ಣನೆಯ ಗಾಳಿ. ಗುಜರಾತಿ ಅಣ್ಣತಮ್ಮಂದಿರು ಬಂದಿದ್ದರು, ಈಗ ಅವರಿಗೂ ತಲೆ ನೆರೆತಿತ್ತು. ರವಿಕೆ ಹೊಲಿಸುತ್ತಿದ್ದ ಹೆಂಗಸರು ಹತ್ತು ಹನ್ನೆರಡು ಜನ ಇದ್ದರು. ನನ್ನ ಗಂಡ ಪಾಳಿ ಬದಲಿಸಿಕೊಂಡು ಬಂದು ಹೆಗಲು ಕೊಟ್ಟರು. ನಾನು ಅವರಿಗೆ ಬನ್ನಿ ಎಂದು ಕರೆದಿರಲಿಲ್ಲ. ಎಲ್ಲ ಮುಗಿಯುವ ಹೊತ್ತಿಗೆ ಕಪ್ಪು ಕೋಟಿನ ಮೂವರು ತುರ್ಕಿ ಮುದುಕರು ಬಂದು ದೂರದಲ್ಲೇ ನಿಂತರು. ಜನ ಚದುರಿದ ಮೇಲೆ ಅವರಲ್ಲೊಬ್ಬರು ನನ್ನ ಹತ್ತಿರ ಬಂದರು.

“ನೀವು ಮನೆಯವರಾ?”

“ಅಲ್ಲ. ಗಿರಾಕಿ.”

ಅವರು ಟೋಪಿ ಕೈಯಲ್ಲಿ ತಿರುಗಿಸುತ್ತ, ತಾವು ಆ ಚಹಾ ಕೋಣೆಯವರು, ಕಾರ್ಯದರ್ಶಿ ಸಾಯುವ ಮೊದಲು ತಮ್ಮ ಮೂವರಿಗೆ ನಿಜ ಹೇಳಿ ಹೋದರು ಎಂದರು. ಅಂದಿನಿಂದ ಬರಬೇಕು ಬರಬೇಕು ಎಂದುಕೊಂಡದ್ದಾಯಿತು, ಅಂಗಡಿ ದೂರ, ಚಳಿ ಬೇರೆ, ಏನೆಂದು ಮಾತು ಶುರು ಮಾಡುವುದೆಂದೂ ತಿಳಿಯಲಿಲ್ಲ ಎಂದರು. “ಮೊದಲೇ ಬರಬೇಕಿತ್ತು” ಎಂದು ನೆಲ ನೋಡಿದರು.

ಸಾಮಾನ್ಯವಾಗಿ ನಾನು ಇಂಥ ಕಡೆ, ಇರಲಿ ಬಿಡಿ, ಈಗಲಾದರೂ ಬಂದಿರಲ್ಲ ಎಂದುಬಿಡುವವಳು. ಹಾಗೆ ಬೆಳೆದವಳು. ಆದರೆ ಹೆಸರು ಕೇಳಿದರೆ ಎದ್ದು ಬರುವುದನ್ನು ಆ ಮನುಷ್ಯ ನನಗೆ ಕಲಿಸಿದ್ದರು. ಜೊತೆಗೆ, ಇದ್ದದ್ದನ್ನು ಇದ್ದ ಹಾಗೆ ಎದುರಿಗೆ ಹೇಳುವುದನ್ನೂ.

“ಹೌದು, ಬರಬೇಕಿತ್ತು” ಎಂದೆ. “ಅಂಗಡಿ ಮೂವತ್ತು ವರ್ಷ ತೆರೆದೇ ಇತ್ತು. ಭಾನುವಾರ ಮಾತ್ರ ರಜೆ.”